ಕಾಲ್ಗುಣ ಮತ್ತು ಕಾರ್ಬ್ಯುರೇಟರ್

ಹಳಸಿದ ಪೆಟ್ರೋಲಿಗೆ ತನ್ನದೇ ಒಂದು ವಾಸನೆ ಇದೆ. ಬಂಕಿನಲ್ಲಿ ಮೂಗಿಗೆ ಚುರ್ರೆಂದು ಬಡಿಯುವ ಹೊಸ ಪೆಟ್ರೋಲಿನ ವಾಸನೆಯಲ್ಲ ಅದು. ಸ್ವಲ್ಪ ಹುಳಿ, ಸ್ವಲ್ಪ ಬಣ್ಣದ ಡಬ್ಬಿ, ಸ್ವಲ್ಪ ಬಹಳ ದಿನ ಮುಚ್ಚಿಟ್ಟ ಪೆಟ್ಟಿಗೆಯೊಳಗಿನ ಗಾಳಿ. ಈಚೆಗೆ ನಾನೊಂದು ಹಳೆಯ ಬೈಕು ಕೊಂಡೆ. ಮಾರಿದವನು ಅದನ್ನು ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಲ್ಲಿಸಿದ್ದ. ಬಾಡಿಗೆ ಮನೆಯ ಮಾಳಿಗೆಯ ಮೇಲೆ ಪೇಪರು ಹಾಸಿಕೊಂಡು ಅದರ ಕಾರ್ಬ್ಯುರೇಟರ್ ಬಿಚ್ಚಲು ಕುಳಿತೆ. ಕೆಳಗಿನ ಬಟ್ಟಲಿನ ಸ್ಕ್ರೂಗಳು ಸಡಿಲಾಗಿ ಬಟ್ಟಲು ಕೈಗೆ ಬಂದಿತೋ ಇಲ್ಲವೋ, ಆ ವಾಸನೆ ಎದ್ದಿತು. ಆ ಗಳಿಗೆ ನಾನು ಮತ್ತೆ ಸಾಲೆಯ ಹುಡುಗಿಯಾಗಿ ಸಿಂದಗಿಯ ನಮ್ಮ ಅಂಗಳದಲ್ಲಿ, ತಾಳಿಕೋಟೆಯ ಫರಸಿಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕುಳಿತಿದ್ದೆ. ಎದುರಿಗೆ ಚಿಗವ್ವ, ನಮ್ಮ ಕಾಕಾನ ಹೆಂಡತಿ, ಅವಳ ಹಸಿರು ಬಳೆಗಳ ಮೇಲೆ ಕಪ್ಪು ಗ್ರೀಸು. ಹಿಂದಿನ ಪಡಸಾಲೆಯಿಂದ ಕೊಟ್ಟಣದಲ್ಲಿ ಶೇಂಗಾ ಹಿಂಡಿ ಕುಟ್ಟುವ ಸದ್ದು. ಆ ಸದ್ದು ನಿಂತಿತೆಂದರೆ ಆಯಿ ನಮ್ಮನ್ನೇ ನೋಡುತ್ತಿದ್ದಾಳೆಂದು ಅರ್ಥ. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು.

ಆ ಮನೆ ಈಗಿಲ್ಲ. ನಮ್ಮ ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಅದಕ್ಕೆ ಸಾವಿಲ್ಲ. ಹಬ್ಬ ಬಂತೆಂದರೆ ಯಾರಾದರೊಬ್ಬರು ಅದರ ಮಸುಕಾದ ಫೋಟೊ ಹಾಕಿ, ಕೂಡಿ ಬಾಳಿದರೆ ಸ್ವರ್ಗ ಸುಖ ಎಂದು ಬರೆಯುತ್ತಾರೆ. ಕೆಳಗೆ ಸಾಲುಸಾಲಾಗಿ ಕೈಮುಗಿದ ಚಿತ್ರಗಳು, ಅಳುವ ಮುಖಗಳು. ನಿಮಗೂ ಅಂಥದೊಂದು ಮನೆ ಇತ್ತು, ಅದರ ಫೋಟೊ ನಿಮ್ಮ ಗುಂಪಿನಲ್ಲೂ ತಿರುಗುತ್ತಿದೆ ಎಂದು ನನಗೆ ಗೊತ್ತು. ಅಳಬೇಡಿ ಎನ್ನುವುದಿಲ್ಲ. ಯಾರಿಗಾಗಿ ಅಳುತ್ತಿದ್ದೀರಿ ಎಂದು ಮಾತ್ರ ಕೇಳುತ್ತೇನೆ. ಕಾಲೇಜಿನಲ್ಲಿದ್ದಾಗ ಚರ್ಚಾಸ್ಪರ್ಧೆಗಳಲ್ಲಿ 'ಕೂಡುಕುಟುಂಬ ಒಡೆದದ್ದು ಸಮಾಜಕ್ಕೆ ನಷ್ಟ' ಎಂಬ ವಿಷಯ ಪದೇಪದೇ ಬರುತ್ತಿತ್ತು. ನಾನು ಪ್ರತಿಸಲವೂ ವಿರೋಧದ ಕಡೆ ನಿಂತೆ, ಪ್ರತಿಸಲವೂ ಗೆದ್ದೆ. ತೀರ್ಪುಗಾರರು ನನ್ನ ತರ್ಕವನ್ನು ಹೊಗಳಿದರು. ಆದರೆ ಆ ವೇದಿಕೆಯ ಮೇಲೆ ನಾನು ಒಮ್ಮೆಯೂ ಚಿಗವ್ವನ ಹೆಸರು ಹೇಳಲಿಲ್ಲ. ಅವಳನ್ನು ಉದಾಹರಣೆಯನ್ನಾಗಿ ಮಾಡಿ ಚಪ್ಪಾಳೆ ಗಿಟ್ಟಿಸಲು ಮನಸ್ಸು ಬರಲಿಲ್ಲ. ಇಲ್ಲಿ ಹೇಳುತ್ತೇನೆ, ಇಲ್ಲಿ ಹೊತ್ತು ಮುಗಿಯಿತೆಂದು ಗಂಟೆ ಬಾರಿಸುವವರಿಲ್ಲ.

ನಮ್ಮ ಕಾಕಾ, ಅಪ್ಪನ ತಮ್ಮ ಶಿವಪುತ್ರ, ಕುಬಸ ಹೊಲಿಯುವ ಖಣದ ಬಟ್ಟೆಯ ವ್ಯಾಪಾರ ಮಾಡುತ್ತಿದ್ದ. ಹಳ್ಳಿಹಳ್ಳಿಯ ಅಂಗಡಿಗಳಿಗೆ ಖಣದ ಗಂಟು ಹೊತ್ತು ಬಸ್ಸಿನಲ್ಲಿ ಅಲೆದು ಸಾಕಾಗಿ, ತನ್ನ ಮದುವೆಯ ವಾರದಲ್ಲೇ ತಾಳಿಕೋಟೆಯ ಬಟ್ಟೆ ವ್ಯಾಪಾರಿಯೊಬ್ಬನಿಂದ ಒಂದು ಹಳೆಯ ಮೋಟಾರ್ ಸೈಕಲ್ ತಂದ. ಕೆಂಪು ಪೆಟ್ರೋಲ್ ಟಾಕಿ, ಹರಿದ ಸೀಟು, ಹಿಂದೆ ಗಂಟು ಕಟ್ಟಲು ಅಗಲವಾದ ಕ್ಯಾರಿಯರು. ಆ ಗಾಡಿ ರಾತ್ರಿ ತಲೆಬಾಗಿಲ ಒಳಗೇ ನಿಲ್ಲುತ್ತಿತ್ತು. ಬೆಳಗ್ಗೆ ಎದ್ದರೆ ಹೊಸ ಖಣದ ಗಂಜಿಯ ವಾಸನೆ, ಪೆಟ್ರೋಲಿನ ವಾಸನೆ, ಅಡುಗೆಮನೆಯಲ್ಲಿ ಅವ್ವ ಬಡಿಯುವ ಜೋಳದ ರೊಟ್ಟಿಯ ವಾಸನೆ ಮೂರೂ ಕೂಡಿ ಬರುತ್ತಿದ್ದವು. ಇವೆಲ್ಲ ಚೆನ್ನಾಗಿದ್ದವು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮೂಗಿಗೆ ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂಬ ವಿವೇಚನೆ ಇರುವುದಿಲ್ಲ, ಅಷ್ಟೇ.

ಗಾಡಿ ಬಂದ ವಾರವೇ ಚಿಗವ್ವ ಬಂದಳು. ಹೆಸರು ಮಹಾನಂದಾ. ತವರು ಇಂಡಿ ಪಟ್ಟಣದ ಆಚೆಯ ಹೊರ್ತಿ. ಅಣ್ಣನ ನಿಂಬೆ ತೋಟದಲ್ಲಿ ಬೆಳೆದವಳು. ದೊಡ್ಡ ದನಿ, ದೊಡ್ಡ ನಗು. ನಮ್ಮ ಮನೆಯಲ್ಲಿ ಹೆಂಗಸರು ನಗುವಾಗ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಅವಳು ಒತ್ತಿಕೊಳ್ಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಕಾಕಾ ಕೆಟ್ಟು ನಿಂತ ಗಾಡಿಯನ್ನು ನೂಕಿಕೊಂಡು, ಬೆವರಿನಲ್ಲಿ ಅಂಗಿಯೆಲ್ಲ ತೊಯ್ಸಿಕೊಂಡು ಬಂದಾಗ ಅವಳು ಬಾಗಿಲಲ್ಲೇ ನಿಂತು, "ಏನ್ರೀ, ನೀವು ಗಾಡಿ ಮ್ಯಾಲ ಬಂದ್ರೋ, ಗಾಡಿ ನಿಮ್ಮ ಮ್ಯಾಲ ಬಂತೋ?" ಎಂದಳು. ಕಾಕಾ ಕೂಡ ನಕ್ಕುಬಿಟ್ಟ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಕ್ಕಳು. ಆಯಿ ಒಬ್ಬಳೇ ನಗಲಿಲ್ಲ. "ನಗ್ರಿ, ನಗ್ರಿ. ಈಕಿ ಬಂದ ಗಳಿಗೀನಽ ಹಂಗೈತಿ. ಕಾಲ್ಗುಣ ಛಲೋ ಇದ್ರ ಗಾಡಿ ಯಾಕ ನಿಂದರ್ತಿತ್ತು?" ಎಂದಳು. ಆ ಮಾತು ಅಂದು ಮೊದಲ ಸಲ ಮನೆಯೊಳಗೆ ಬಂತು. ಒಮ್ಮೆ ಬಂದ ಮೇಲೆ ಅದಕ್ಕೆ ಹೊರಗಿನ ದಾರಿ ತಿಳಿಯಲಿಲ್ಲ.

ಗಾಡಿ ನಿಲ್ಲುತ್ತಿದ್ದುದು ನಿಜ. ಕಿಕ್ ಹೊಡೆದರೆ ಶುರುವಾಗುತ್ತಿತ್ತು, ಒಂದೆರಡು ಮೈಲಿ ಓಡುತ್ತಿತ್ತು, ಆಮೇಲೆ ಕೆಮ್ಮಿ, ಎಳೆದು ಉಸಿರು ಬಿಟ್ಟು ಸುಮ್ಮನಾಗುತ್ತಿತ್ತು. ಪೇಟೆಯ ಮಿಸ್ತ್ರಿ ಪ್ರತಿಸಲ ಪ್ಲಗ್ಗು ಒರೆಸಿ, ಕಾರ್ಬ್ಯುರೇಟರಿನ ಕೆಳಗಿನ ನಟ್ಟು ತಿರುಗಿಸಿ ಕೆಟ್ಟ ಪೆಟ್ರೋಲು ಹೊರಬಿಟ್ಟು, "ಕಚರಾ ಬಂದಿತ್ರಿ" ಎಂದು ಕಳಿಸುತ್ತಿದ್ದ. ಹಲವು ದಿನ ಸರಿಯಿರುತ್ತಿತ್ತು, ಮತ್ತೆ ಅದೇ ಕತೆ. ಆಯಿ ಮಾತ್ರ ಇದಕ್ಕೊಂದು ಕಾರಣ ಹುಡುಕಿ ಕುಳಿತಿದ್ದಳು. ಗಾಡಿ ಬಂದದ್ದೂ ಸೊಸೆ ಬಂದದ್ದೂ ಒಂದೇ ವಾರ. ಗಾಡಿ ಮೊದಲು ಸರಿಯಿತ್ತು, ಸೊಸೆ ಹೊಸ್ತಿಲು ತುಳಿದ ಮೇಲೆ ಕೆಟ್ಟಿತು. ಇದಕ್ಕಿಂತ ಸಾಕ್ಷಿ ಏನು ಬೇಕು? ಒಂದಾದ ಮೇಲೆ ಇನ್ನೊಂದು ನಡೆದರೆ ಮೊದಲನೆಯದೇ ಎರಡನೆಯದಕ್ಕೆ ಕಾರಣ ಎನ್ನುವ ವಾದ ಎಷ್ಟು ಪೊಳ್ಳು ಎಂಬುದನ್ನು ನನಗೆ ಮುಂದೆ ಕಾಲೇಜಿನಲ್ಲಿ ಕಲಿಸಿದರು. ನಾನು ಅದನ್ನು ಅಷ್ಟರಲ್ಲಾಗಲೇ ನಮ್ಮ ಅಂಗಳದಲ್ಲಿ ಕಲಿತಿದ್ದೆ.

ಸಾಲೆಯಲ್ಲಿ ಆಗಲೇ ಭಾಷಣ, ಚರ್ಚೆ ಎಂದರೆ ನನ್ನನ್ನೇ ನಿಲ್ಲಿಸುತ್ತಿದ್ದರು. ಮನೆಯಲ್ಲಿ ಆಯಿ ನನಗೆ ವಕೀಲವ್ವ ಎಂದು ಹೆಸರಿಟ್ಟಿದ್ದಳು, ಪ್ರೀತಿಯಿಂದಲ್ಲ. ಒಂದು ದಿನ ನಾನು, "ಆಯಿ, ಗಾಡಿ ಯಾವಾಗ್ಲೂ ಅಮಾಸಿ ಆದ ಮ್ಯಾಲ ನಿಂದರ್ತೈತಿ. ಚಿಗವ್ವ ದಿನಾ ಮನ್ಯಾಗ ಇರ್ತಾಳ. ಆಕಿ ಕಾಲ್ಗುಣ ಆದ್ರ ದಿನಾ ನಿಂದರಬೇಕಾಗಿತ್ತಲ್ಲ?" ಎಂದೆ. ಆಯಿ ಒಂದು ಗಳಿಗೆಯೂ ತಡಮಾಡಲಿಲ್ಲ. "ಅಮಾಸಿಗಿ ಕೆಟ್ಟದ್ದಕ್ಕ ಬಲಾ ಬರ್ತೈತಿ, ವಕೀಲವ್ವ." ನಾನು ಬಿಡಲಿಲ್ಲ. "ಅಮಾಸಿ ಊರಿಗೆಲ್ಲಾ ಒಂದಽ. ಮಂದಿ ಗಾಡಿ ಯಾಕ ನಿಂದರೂದಿಲ್ಲ?" "ಮಂದಿ ಮನ್ಯಾಗ ಇಂಥಾ ಸೊಸಿ ಇಲ್ಲ, ಅದಕ್ಕ." ನೋಡಿ, ಎಷ್ಟು ಸಲೀಸು. ಪ್ರಶ್ನೆ ಯಾವುದಿದ್ದರೂ ಉತ್ತರ ಒಂದೇ. ಇಂಥವರೊಡನೆ ವಾದ ಮಾಡುವುದೆಂದರೆ ಕುರುಡು ಬಾವಿಗೆ ಕೊಡ ಇಳಿಬಿಟ್ಟ ಹಾಗೆ.

ಆಷಾಢಕ್ಕೆ ಹೊಸ ಸೊಸೆಯನ್ನು ತವರಿಗೆ ಕಳಿಸಬೇಕಿತ್ತು. ಬಿತ್ತನೆಯ ಕಾಲ, ಆಳುಗಳಿಗೆ ಬುತ್ತಿ ಕಟ್ಟುವವರು ಬೇಕು, ಆಷಾಢ, ನಾಗರಪಂಚಮಿ ಎರಡನ್ನೂ ಕೂಡಿಸಿ ಪಂಚಮಿಗೇ ಕಳಿಸಿದರಾಯಿತು ಎಂದು ಆಯಿ ತೀರ್ಮಾನಿಸಿದ್ದಳು. ಪಂಚಮಿ ಹತ್ತಿರ ಬಂದಾಗ ಅವಳು ಪಡಸಾಲೆಯಲ್ಲಿ ಅಪ್ಪನಿಗೆ ಹೇಳಿದ ಮಾತನ್ನು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆ. "ಪಂಚಮಿಗಿ ಹೋಗ್ಲಿ. ಹಬ್ಬಾ ಮಾಡ್ಲಿ, ಉಂಡಿ ತಿನ್ಲಿ, ಜೋಕಾಲಿ ಆಡ್ಲಿ. ಕರಿಯಾಕ ಯಾರೂ ಹೋಗೂದು ಬ್ಯಾಡ." ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಬ್ಬಕ್ಕೆ ತವರಿಗೆ ಹೋದ ಸೊಸೆ ತಾನಾಗಿ ತಿರುಗಿ ಬರುವಂತಿಲ್ಲ, ಗಂಡನ ಮನೆಯಿಂದ ಯಾರಾದರೂ ಕರೆಯಲು ಹೋಗಬೇಕು. ಹೋಗದಿದ್ದರೆ ಅವಳು ಅಲ್ಲೇ. ಹೊಡೆದಿಲ್ಲ, ಬೈದಿಲ್ಲ, ಹೊರಗೆ ಹಾಕಿಲ್ಲ. ಬರೀ ಕರೆಯಲು ಹೋಗಿಲ್ಲ. ಇಷ್ಟು ಸಭ್ಯವಾದ ಕ್ರೌರ್ಯವನ್ನು ಕಂಡುಹಿಡಿದ ಹಿರಿಯರಿಗೆ ಯಾರು ಬೇಕಾದರೂ ಕೈಮುಗಿಯಲಿ, ನಾನು ಮುಗಿಯಲಾರೆ. ಅಪ್ಪ "ನೋಡೂಣು ಬಿಡು" ಎಂದ. ಅಪ್ಪ ತನ್ನ ಆಯುಷ್ಯದ ಎಲ್ಲ ಪ್ರಶ್ನೆಗಳಿಗೂ ಕೊಟ್ಟ ಉತ್ತರ ಅದು.

ನಾನು ಹೋಗಿ ಚಿಗವ್ವನಿಗೆ ಹೇಳಿದೆ. ಅವಳು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಬೂದಿ ಹಚ್ಚಿದ ಕೈ ತಂಬಿಗೆಯ ಮೇಲೆಯೇ ನಿಂತಿತು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. "ಹಂಗಂದ್ರ ಗಾಡಿ ಸುದ್ದ ಆದ್ರ ನನ್ನ ಕಾಲೂ ಸುದ್ದ ಆಗ್ತೈತೇನು?" ಎಂದಳು. "ಆಗಬೇಕು. ಅವರ ಲೆಕ್ಕದ ಪ್ರಕಾರ ಆಗಽಬೇಕು" ಎಂದೆ ನಾನು. ಅವಳು ಕೈ ತೊಳೆದುಕೊಂಡಳು. "ನಮ್ಮ ಹೊರ್ತ್ಯಾಗ ನೀರೆತ್ತೂ ಎಣ್ಣಿ ಮಷಿನ್ ಹಿಂಗಽ ಕೆಮ್ಮತಿತ್ತು. ಅಣ್ಣ ಬುಡಾ ಬಿಚ್ಚಿ ನೋಡ್ತಿದ್ದ. ನಾವೂ ಬಿಚ್ಚೂಣು. ನಿಮ್ಮ ಕಾಕಾಗ ಹೇಳು, ನಟ್ಟು ಬಿಚ್ಚೂ ಪಾನಾ ತರ್ಲಿ."

ನಾಗರ ಅಮಾವಾಸ್ಯೆ ಕಳೆದಿತ್ತು, ಗಾಡಿ ಎಂದಿನಂತೆ ಮತ್ತೆ ನಿಂತಿತ್ತು, ಪಂಚಮಿ ಕಣ್ಣೆದುರಿಗೇ ಇತ್ತು. ಕಾಕಾ ಪೇಟೆಯಿಂದ ಕಾರ್ಬ್ಯುರೇಟರ್ ಕಿಟ್ಟು ಎಂಬ ಸಣ್ಣ ಪೊಟ್ಟಣ ತಂದ. ಅದರಲ್ಲಿ ಹೊಸ ಗ್ಯಾಸ್ಕೆಟ್ಟು, ಹೊಸ ಸೂಜಿ, ಗುಂಡಿಯಷ್ಟೇ ಚಿಕ್ಕ, ಪೆಟ್ರೋಲು ಹಾಯುವ ಕಿಂಡಿಯಿರುವ ಹಿತ್ತಾಳೆಯ ಜೆಟ್ಟುಗಳು. ಅಂಗಳದ ನಡುವೆ, ಎಲ್ಲರಿಗೂ ಕಾಣುವಂತೆ, ಹರಿದ ಧೋತರ ಹಾಸಿ ಮೂವರೂ ಕುಳಿತೆವು. ಒಳಗೆ ಮರೆಯಲ್ಲಿ ಮಾಡೋಣವೆಂದು ಕಾಕಾ ಅಂದ. ಚಿಗವ್ವ ಒಪ್ಪಲಿಲ್ಲ. "ಕಳ್ಳತನಾ ಮಾಡಾಕತ್ತೇವೇನು?" ಕಾಕಾ ಟಾಕಿಯ ಬುಡದ ನಲ್ಲಿ, ಪೆಟ್ರೋಲಿನ ಕಾಕು, ಮುಚ್ಚಿ ಪೈಪು ಎಳೆದ. ಎರಡು ಬೋಲ್ಟು ಬಿಚ್ಚಿದ ಮೇಲೆ ಕಾರ್ಬ್ಯುರೇಟರ್ ಅವನ ಕೈಗೆ ಬಂತು. ಸಂಜೆಯ ಉಪ್ಪಿಟ್ಟಿನ ಮುದ್ದೆಗಿಂತ ದೊಡ್ಡದಿರಲಿಲ್ಲ, ಇಡೀ ಮನೆಯನ್ನು ಕುಣಿಸಿದ ವಸ್ತು. ಮೇಲಿನ ಮುಚ್ಚಳ ತಿರುವಿ ಎಳೆದರೆ ಉದ್ದನೆಯ ಸೂಜಿ ಬಂತು. ಕೆಳಗಿನ ಬಟ್ಟಲನ್ನು ಚಿಗವ್ವ ಬಿಚ್ಚಿದಳು. ಬಟ್ಟಲ ತಳದಲ್ಲಿ ಪೆಟ್ರೋಲಿನ ಕೆಳಗೆ ಏನೋ ಮಿನುಗುತ್ತಿತ್ತು. ಅವಳು ಬಟ್ಟಲನ್ನು ಓರೆ ಮಾಡಿದಳು. ಕೆಸುವಿನ ಎಲೆಯ ಮೇಲಿನ ಹನಿಗಳಂತೆ ದುಂಡುದುಂಡಗೆ ಅತ್ತಿತ್ತ ಉರುಳಿದವು. ಸುತ್ತಲೂ ಬಿಳಿಯ ಸುಣ್ಣದಂಥ ಕಿಲುಬು.

"ನೀರು" ಎಂದಳು ಚಿಗವ್ವ.

ಕೊಟ್ಟಣದ ಸದ್ದು ನಿಂತಿತು. ಟಾಕಿಯಲ್ಲಿದ್ದುದನ್ನೆಲ್ಲ ಖಾಲಿ ಮಾಡದಿದ್ದರೆ ಪ್ರಯೋಜನವಿಲ್ಲವೆಂದು ಕಾಕಾ ಟಾಕಿಯನ್ನೇ ಕಳಚಿ ಒಂದು ಗಾಜಿನ ಬರಣಿಗೆ ಸುರುವಿದ. ನಾನು ಬರಣಿಯನ್ನು ಬಿಸಿಲಿಗೆ ಹಿಡಿದೆ. ಮೇಲೆ ಕಿತ್ತಳೆ ಬಣ್ಣದ ಪೆಟ್ರೋಲು, ಕೆಳಗೆ ತಿಳಿಯಾದ ನೀರು, ನಡುವೆ ಗೆರೆ ಎಳೆದಂತೆ ಗಡಿ. ಹೊರಗೆ ಬಂದಿದ್ದ ಅಪ್ಪ, "ಮಳಿ ನೀರು ಹೊಕ್ಕಿರಬೇಕು" ಎಂದ. "ಬಿತ್ತಿದ ಮ್ಯಾಲ ಮಳಿ ಎಲ್ಲಿ ಬಂದೈತಪ್ಪಾ? ಗಾಡಿ ತಲಿಬಾಗಿಲದಾಗ ನಿಂದರ್ತೈತಿ, ಸೂರಿನ ಕೆಳಗ" ಎಂದೆ. ಅಷ್ಟರಲ್ಲಿ ಕಾಕಾ ಪೆಟ್ರೋಲಿನ ಕಾಕು ಬಿಚ್ಚಿ ಅದರ ಜಾಳಿಗೆಯನ್ನು ಬೆರಳಲ್ಲಿ ಒರೆಸುತ್ತಿದ್ದ. ಒರೆಸಿದವನು ಸುಮ್ಮನೆ ಬೆರಳನ್ನೇ ನೋಡುತ್ತ ಕುಳಿತ. ಬೆರಳ ತುದಿಯಲ್ಲಿ ಬಿಲ್ವಪತ್ರೆಯ ಒಂದು ತುಣುಕು ಅಂಟಿತ್ತು.

ಮೂವರಿಗೂ ಒಟ್ಟಿಗೇ ಹೊಳೆಯಿತು. ಆಯಿಯ ತವರು ಮುದ್ದೇಬಿಹಾಳದ ಕಡೆ, ಕೃಷ್ಣಾ ಹೊಳೆಯ ದಂಡೆಯ ಊರು. ಅವಳ ತಮ್ಮ ಬಂದಾಗಲೆಲ್ಲ ಕ್ಯಾನು ತುಂಬ ಹೊಳೆಯ ನೀರು ತರುತ್ತಿದ್ದ. ಅದನ್ನು ಆಯಿ ದೇವರ ಜಗಲಿಯ ಮೇಲೆ ಬಿಲ್ವಪತ್ರೆ ಹಾಕಿ ಇಡುತ್ತಿದ್ದಳು. ಪ್ರತಿ ಅಮಾವಾಸ್ಯೆ ಗಾಡಿಯ ಪೂಜೆ. ಅವತ್ತು ಗಾಡಿಯ, ಟಾಕಿಯ ಮುಚ್ಚಳದ ಕೀಲಿಕೈ ಕೂಡ ಜಗಲಿಯ ಮೇಲೇ. ವಿಭೂತಿ, ಕುಂಕುಮ, ಗಾಲಿಯ ಕೆಳಗೆ ನಿಂಬೆಹಣ್ಣು, ಇವನ್ನು ನಾವೆಲ್ಲ ನೋಡಿದ್ದೆವು. ಆಯಿ ಟಾಕಿಯ ಬಾಯಿ ತೆರೆದು ಒಂದು ಬಟ್ಟಲು ತೀರ್ಥ ಒಳಗೆ ಹಾಕುವುದನ್ನು ನೋಡಿರಲಿಲ್ಲ. ಗಾಡಿ ಕೆಟ್ಟಿತೆಂದು ಮುಂದಿನ ಅಮಾವಾಸ್ಯೆಗೆ ಇನ್ನಷ್ಟು ಹಾಕಿದ್ದಳು. ಅದಕ್ಕೇ ಇನ್ನಷ್ಟು ಕೆಟ್ಟಿತ್ತು.

ಆಯಿ ಸುಳ್ಳು ಹೇಳುವವಳಲ್ಲ. ಎದ್ದು ಬಂದು ನಮ್ಮೆದುರು ನಿಂತಳು. "ಹೌದು, ನಾನಽ ಹಾಕೀನಿ. ನನ್ನ ಮಗನ ಗಾಡಿಗಿ ನಾ ಹಾಕೀನಿ. ನಮ್ಮಣ್ಣನ ಮಗ ಗಾಡಿ ಮ್ಯಾಲಿಂದ ಬಿದ್ದು ಸತ್ತಾಂವ, ಮಾರಿ ಗುರ್ತ ಸಿಗಲಿಲ್ಲ. ನಿಮಗೇನು ಗೊತ್ತು? ವಿಭೂತಿ ಹೊರಗ ಹಚ್ಚಿದ್ರ ಹೊರಗ ಕಾಯ್ತೈತಿ. ಒಳಗ ಯಾರು ಕಾಯಬೇಕು?" ಅವಳ ಭಯ ಸುಳ್ಳಾಗಿರಲಿಲ್ಲ, ಇದನ್ನು ಮುಚ್ಚಿಟ್ಟರೆ ನನ್ನ ವಾದಕ್ಕೆ ಬೆಲೆಯಿಲ್ಲ. ಮಗನ ಮೇಲಿನ ಜೀವ ಅವಳನ್ನು ಟಾಕಿಯ ಬಾಯಿಯವರೆಗೆ ಕರೆದೊಯ್ದಿತ್ತು. ಆದರೆ ಅದೇ ಜೀವದ ಒಂದು ಹನಿಯೂ ಸೊಸೆಯವರೆಗೆ ತಲುಪಲಿಲ್ಲ. ಚಿಗವ್ವ ಮೆಲ್ಲಗೆ, "ಅತ್ತಿ, ನೀವು ಬೇಕಂತ ಮಾಡಿಲ್ಲರಿ. ಇಂಜಿನ್ನಿಗಿ ನೀರು ಆಗೂದಿಲ್ಲ, ಅಷ್ಟ" ಎಂದಳು. ಆಯಿ ಅವಳತ್ತ ನೋಡದೆ ಅಪ್ಪನಿಗೆ ಹೇಳಿದಳು. "ಹೊಳಿ ನೀರು ಕುಡದು ದನಾ ಬದುಕ್ತಾವು, ಮಂದಿ ಬದುಕ್ತಾರ. ಇದೊಂದು ಕಬ್ಬಿಣಾ ಸಾಯ್ತೈತೇನು? ಎಲ್ಲಾರನ್ನೂ ಕಾಯೂ ನೀರು ಇಲ್ಲೇ ಯಾಕ ವಿಷಾ ಆತು, ಅದನ್ನ ಕೇಳ್ರಿ."

ಆಗ ನಾನು ಒಂದು ಸವಾಲು ಹಾಕಿದೆ. ಗಾಡಿ ಚೊಕ್ಕ ಮಾಡುತ್ತೇವೆ. ಅದರ ಮೇಲೇ ಚಿಗವ್ವ ಹೊರ್ತಿಗೆ ಹೋಗಲಿ. ದಾರಿಯಲ್ಲಿ ನಿಂತರೆ ಆಯಿ ಹೇಳಿದ್ದು ನಿಜ. ನಿಲ್ಲದಿದ್ದರೆ ಕಾಲ್ಗುಣದ ಮಾತು ಇವತ್ತಿಗೆ ಮುಗಿಯಬೇಕು, ಹಬ್ಬವಾದ ಮೇಲೆ ಕಾಕಾ ಹೋಗಿ ಕರೆದುಕೊಂಡು ಬರಬೇಕು. ಅಪ್ಪ ಎಲ್ಲರ ಮುಖ ನೋಡಿ, "ಆತು, ಖರೇ ಐತಿ. ನಿಂದರಲಿಲ್ಲಂದ್ರ ಮಾತು ಮುಗೀತು. ಆತೇನವ್ವಾ?" ಎಂದ. ಆಯಿ, "ಆತು" ಎಂದಳು. ಎಲ್ಲರ ಎದುರಿಗೆ, ಹಗಲು ಬೆಳಕಿನಲ್ಲಿ, ಆತು ಎಂದಳು.

ಆ ಮಧ್ಯಾಹ್ನದಷ್ಟು ಸುಖದ ಹೊತ್ತು ಆ ಮನೆಯಲ್ಲಿ ನನಗೆ ಇನ್ನೊಂದು ನೆನಪಿಲ್ಲ. ಕಾಕಾ ವಾಯರಿನಿಂದ ತಾಮ್ರದ ಒಂದೇ ಒಂದು ಎಳೆ ಬಿಡಿಸಿ ಜೆಟ್ಟಿನ ಕಿಂಡಿಯೊಳಗೆ ಪೋಣಿಸಿದ. ನಾನು ಬಾಯಿಟ್ಟು ಊದಿದೆ, ತುಟಿಯೆಲ್ಲ ಪೆಟ್ರೋಲಿನ ಉರಿ. ಜೆಟ್ಟನ್ನು ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರೆ ಸೂಜಿಮೊನೆಯಷ್ಟು ಆಕಾಶ ಕಾಣುತ್ತಿತ್ತು. ಚಿಗವ್ವ ಬಟ್ಟಲಿನ ಕಿಲುಬನ್ನು ಖಣದ ಚೂರಿನಿಂದ ಉಜ್ಜಿ ಉಜ್ಜಿ ಬೆಳ್ಳಿಯ ಹಾಗೆ ಮಾಡಿದಳು. ತೇಲುವ ಬುರುಡೆಯನ್ನು ಅದರ ಪಿನ್ನಿಗೆ ಕೂರಿಸುವಾಗ ಪಿನ್ನು ಜಾರಿ ಫರಸಿಯ ಸಂದಿಗೆ ಬಿತ್ತು. ಮೂವರೂ ಮಂಡಿಯೂರಿ ಹುಡುಕಿದೆವು. "ವಕೀಲವ್ವ, ನಿನ್ನ ನಾಲಿಗಿ ಅಷ್ಟು ಉದ್ದ ಐತಿ, ಸಂದ್ಯಾಗ ಹಾಕಿ ತಗೀ" ಎಂದ ಕಾಕಾ. ಚಿಗವ್ವ ತಲೆಯ ಪಿನ್ನು ಬಗ್ಗಿಸಿ ಅದನ್ನು ಎತ್ತಿದಳು. ಎಲ್ಲ ಜೋಡಿಸಿ, ಟಾಕಿ ಒಣಗಿಸಿ, ಹೊಸ ಪೆಟ್ರೋಲು ಹಾಕಿ ಕಿಕ್ ಹೊಡೆದಾಗ ಗಾಡಿ ಶುರುವಾಯಿತು, ಆದರೆ ಏರುತ್ತ ಇಳಿಯುತ್ತ ಅರಚಿತು. ಕಾಕಾ ಗಾಳಿಯ ಸ್ಕ್ರೂ ತಿರುಗಿಸಿ ತಿರುಗಿಸಿ ಸೋತ. ಚಿಗವ್ವ ಅವನ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು, ಕಣ್ಣು ಮುಚ್ಚಿ, ಕಿವಿಯನ್ನು ಇಂಜಿನ್ನಿಗೆ ಹತ್ತಿರ ತಂದು, ಕೂಸಿನ ಉಸಿರು ಆಲಿಸುವವಳ ಹಾಗೆ ಕುಳಿತು, ಚೂರು ಚೂರೇ ತಿರುಗಿಸಿದಳು. ಸದ್ದು ತಿಳಿಯಾಯಿತು. ಒಂದೇ ಸಮ. "ಹಾಂ, ಈಗ ಉಸರಾಡಾಕತ್ತು" ಎಂದಳು. ಕಾಕಾ ಎಲ್ಲರೆದುರಿಗೆ ಅವಳ ಮೂಗಿನ ತುದಿಗೆ ಹತ್ತಿದ್ದ ಗ್ರೀಸನ್ನು ಒರೆಸಿದ. ಆ ಮನೆಯಲ್ಲಿ ಗಂಡ ಹೆಂಡತಿಯನ್ನು ಹಗಲಲ್ಲಿ ಮುಟ್ಟಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮರುದಿನ ಬೆಳಗ್ಗೆ ಅವರು ಹೊರಟರು. ಅವಳು ಇಳಕಲ್ ಸೀರೆ ಉಟ್ಟಿದ್ದಳು, ತೊಡೆಯ ಮೇಲೆ ಚೀಲ, ಚೀಲದಲ್ಲಿ ತವರಿಗೆ ಒಯ್ಯುವ ಶೇಂಗಾದ ಉಂಡಿ. ನನ್ನ ಗಲ್ಲ ಹಿಂಡಿ, "ಗೆದ್ದಿ ನೋಡು" ಎಂದಳು. ಇಂಡಿಯ ರಸ್ತೆಗೆ ತಿರುಗುವವರೆಗೂ ಗಾಡಿಯ ಸದ್ದು ಎಲ್ಲಿಯೂ ತಡವರಿಸಲಿಲ್ಲ. ದಿನವಿಡೀ ನಾನು ತಲೆಬಾಗಿಲಲ್ಲೇ ಕುಳಿತಿದ್ದೆ. ಹೊತ್ತು ಇಳಿಯುವ ಮೊದಲೇ ಕಾಕಾ ಒಬ್ಬನೇ ಬಂದ. ಹುಬ್ಬಿನ ತುಂಬ ಧೂಳು, ಮುಖದ ತುಂಬ ನಗು. "ಎಲ್ಲೂ ನಿಂದರಲಿಲ್ಲವ್ವ! ಹೋಗೂಮುಂದೂ ಇಲ್ಲ, ಬರೂಮುಂದೂ ಇಲ್ಲ. ಕುದುರಿ ಹಂಗ ಬಂತು."

ಆಯಿ ಕಟ್ಟೆಯಿಂದ ಎದ್ದು ಗಾಡಿಯ ಹತ್ತಿರ ಬಂದಳು. ಬಿಸಿಯಾದ ಟಾಕಿಯ ಮೇಲೆ ಅಂಗೈ ಇಟ್ಟು ಸವರಿದಳು. ಆಮೇಲೆ ನಮ್ಮೆಲ್ಲರ ಕಡೆ ತಿರುಗಿ ಬಹಳ ಶಾಂತವಾಗಿ ಹೇಳಿದಳು. "ನೋಡಿದ್ರಿಲ್ಲೋ? ಆಕಿ ಹೊಸ್ತಿಲಾ ದಾಟಿದ್ದಽ ತಡ, ಗಾಡಿ ಸುದ್ದ ಆತು."

ನಾನು ಕೂಗಾಡಿದೆ. ಹೋಗುವಾಗ ಅವಳೇ ಮೇಲೆ ಕುಳಿತಿದ್ದಳಲ್ಲ ಎಂದೆ. "ಹೊಂಟಿದ್ಲಲ್ಲ, ಹೊಂಟಾಕಿನ್ನ ಗಾಡಿ ಯಾಕ ತಡದೀತು?" ಎಂದಳು ಆಯಿ. ಒಪ್ಪಿಕೊಂಡಿದ್ದಿರಲ್ಲ, ಆತು ಎಂದಿರಲ್ಲ ಎಂದೆ. "ನಿಂದರಲಿಲ್ಲಂದ್ರ ಮಾತು ಮುಗೀತು ಅಂದಿದ್ವಿ. ಮುಗೀತು." ನಿಂತಿದ್ದರೆ ಅವಳು ಮೇಲಿದ್ದಳೆಂದು ನಿಂತಿತು, ನಿಲ್ಲದಿದ್ದರೆ ಅವಳು ಹೋಗುತ್ತಿದ್ದಾಳೆಂದು ನಿಲ್ಲಲಿಲ್ಲ. ಯಾವ ದಾರಿಯಲ್ಲಿ ಬಂದರೂ ಅದೇ ಬಾಗಿಲು. ಆಮೇಲೆ ನಾನು ಎಷ್ಟೋ ವೇದಿಕೆ ಹತ್ತಿದ್ದೇನೆ. ಎದುರಾಳಿಯೇ ತೀರ್ಪುಗಾರನ ಕುರ್ಚಿಯಲ್ಲಿ ಕುಳಿತ ಚರ್ಚೆಯನ್ನು ಅದೊಂದನ್ನೇ ಕಂಡದ್ದು. ಅಪ್ಪನ ಕಡೆ ನೋಡಿದೆ. ಅಪ್ಪ ಚಪ್ಪಲಿ ಹುಡುಕುತ್ತಿದ್ದ. ಕಾಕಾನ ಕಡೆ ನೋಡಿದೆ. ಅವನ ಮುಖದ ನಗು ಹಾಗೆಯೇ ಇತ್ತು, ಅದನ್ನು ಎಲ್ಲಿ ಇಡಬೇಕೆಂದು ತಿಳಿಯದವನ ಹಾಗೆ.

ಪಂಚಮಿ ಮುಗಿಯಿತು. ಶ್ರಾವಣ ಮುಗಿಯಿತು. ಮಹಾನವಮಿಗೆ ಕರೆಯೋಣ ಎಂದರು, ದೀಪಾವಳಿಗೆ ಎಂದರು. ಕಾಕಾ ಹೊರ್ತಿಯ ದಾರಿ ಹಿಡಿಯಲಿಲ್ಲ. ತಾಯಿಗೆ ಎದುರಾಡಿ ಗೊತ್ತಿಲ್ಲದ ಮಗ ಎಂದು ಊರು ಅವನನ್ನು ಹೊಗಳಿತು. ಈ ಹೊಗಳಿಕೆ ಎಷ್ಟು ಹೆಂಗಸರ ಬದುಕು ತಿಂದಿದೆಯೋ. ಆ ಗಾಡಿ ಮಾತ್ರ ದಿನಾ ಬೆಳಗ್ಗೆ ಮೊದಲ ಕಿಕ್ಕಿಗೇ ಎದ್ದು, ತಲೆಬಾಗಿಲಲ್ಲಿ ಒಂದೇ ಸಮ ಉಸಿರಾಡುತ್ತಿತ್ತು. ಆಯಿ ಮುಂದೆಂದೂ ಟಾಕಿಗೆ ನೀರು ಹಾಕಲಿಲ್ಲ. ಇದರ ಅರ್ಥ ಏನೆಂದು ನೀವೇ ಯೋಚಿಸಿ. ಗಾಡಿ ಯಾಕೆ ಕೆಡುತ್ತಿತ್ತೆಂದು ಅವಳಿಗೆ ಚೆನ್ನಾಗಿ ತಿಳಿದಿತ್ತು.

ಆಮೇಲೆ ಆಯಿ ಸತ್ತಳು. ಅಪ್ಪ, ಕಾಕಾ ಬೇರೆಯಾದರು, ಅಂಗಳದ ನಡುವೆ ಗೋಡೆ ಎದ್ದಿತು, ಕಡೆಗೆ ಎರಡೂ ಪಾಲು ಮಾರಿ ಅಲ್ಲಿ ಅಂಗಡಿಸಾಲು ಬಂತು. ಗುಂಪಿನಲ್ಲಿ ಎಲ್ಲರೂ ಅಳುವುದು ಈ ಗೋಡೆಗೆ. ಮನೆ ಒಡೆದದ್ದು ಆ ಗೋಡೆಯಿಂದ ಎನ್ನುತ್ತಾರೆ. ನನ್ನನ್ನು ಕೇಳಿದರೆ ಮನೆ ಒಡೆದದ್ದು ಆಯಿ ಅಂಗೈಯಿಂದ ಬಿಸಿ ಟಾಕಿ ಸವರಿದ ಆ ಹೊತ್ತಿನಲ್ಲಿ. ಗೋಡೆ ಕಟ್ಟಿದವರು ಬರೀ ಗೌಂಡಿಗಳು.

ಓದು ಮುಗಿದ ವರ್ಷ ಯಾರಿಗೂ ಹೇಳದೆ ಹೊರ್ತಿಗೆ ಹೋದೆ. ಚಿಗವ್ವ ಅಣ್ಣನ ತೋಟದ ಶೆಡ್ಡಿನಲ್ಲಿ ನಿಂಬೆಹಣ್ಣಿನ ರಾಶಿಯ ಮುಂದೆ ಕುಳಿತು ದಪ್ಪ, ಸಣ್ಣ ಬೇರೆ ಮಾಡುತ್ತಿದ್ದಳು. ಕೂದಲು ಮುಂಗಡೆ ಬೆಳ್ಳಗಾಗಿತ್ತು. ನನ್ನನ್ನು ಕಂಡವಳೇ, "ಯಾರಿದು, ವಕೀಲವ್ವೇನು? 'ಚಿಗವ್ವಾ' ಅಂತ ಒದರಬಾರದೇನು, ಕಳ್ಳರಂಗ ನಿಂತೀಯಲ್ಲ!" ಎಂದು ಅದೇ ದೊಡ್ಡ ದನಿಯಲ್ಲಿ ನಕ್ಕಳು. ಚಹಾ ಕೊಟ್ಟಳು, ಅವ್ವನನ್ನು ಕೇಳಿದಳು, ಆಯಿ ಹೋದದ್ದಕ್ಕೆ ಅಯ್ಯೋ ಎಂದಳು. ನಾನು ತಡೆಯಲಾರದೆ, ನಿನಗೆ ಸಿಟ್ಟಿಲ್ಲವೇ ಎಂದು ಕೇಳಿದೆ. ಅವಳು ಕೈಯಲ್ಲಿದ್ದ ಹಣ್ಣನ್ನು ಬಹಳ ಹೊತ್ತು ತಿರುಗಿಸಿ ನೋಡಿದಳು.

"ಪಂಚಮಿ ಆದ ಮ್ಯಾಲ ನಾ ದಿನಾ ಬಾಗಲದಾಗ ಕುಂದರ್ತಿದ್ದೆ" ಎಂದಳು. "ಮುಂದಿನ ದಾರೀಲೆ ಗಾಡಿ ಹೋಗ್ತಾವಲ್ಲ, ಸಪ್ಪಳಾ ಕೇಳ್ತಿದ್ದೆ. ನಮ್ಮ ಗಾಡಿ ಸಪ್ಪಳಾ ನಂಗ ಗುರ್ತ ಹತ್ತತಿತ್ತು, ನಾನಽ ತಿದ್ದಿದ್ದಲ್ಲ? ಅದಕ್ಕ ಎದ್ದು ನೋಡೂ ಕೆಲಸಾನಽ ಇರಲಿಲ್ಲ. ಕುಂತಲ್ಲೇ 'ಇದಲ್ಲ, ಇದೂ ಅಲ್ಲ' ಅಂತ ಗೊತ್ತಾಗ್ತಿತ್ತು."

ಅವಳು ಹಣ್ಣನ್ನು ಸಣ್ಣವುಗಳ ಕಡೆಗೆ ಹಾಕಿ, ಇನ್ನೊಂದನ್ನು ಎತ್ತಿಕೊಂಡಳು. ನಾನೂ ಅವಳ ಪಕ್ಕಕ್ಕೆ ಕುಳಿತು ರಾಶಿಯಿಂದ ಒಂದು ಹಣ್ಣು ಎತ್ತಿಕೊಂಡೆ. ಶೆಡ್ಡಿನ ಆಚೆ ಯಾರದೋ ಬೈಕು ಹಾದುಹೋಯಿತು. ಚಿಗವ್ವ ತಲೆ ಎತ್ತಲಿಲ್ಲ.